ದೊಡ್ಡದು, ಸಣ್ಣದು

ನವೆಂಬರ್ 2, 2008

ಈ ಪುಸ್ತಕ ಕೊಟ್ಟಿದ್ದು ಫಿಟ್ಸ್ ಬಂದ ದಿನ ಗುರುತು ಹಾಕುವುದಕ್ಕೆ. ತಾರೀಕು, ಹೊತ್ತು, ಎಷ್ಟು ನಿಮಿಷ, ಅಷ್ಟು ಸಾಕು ಎಂದರು ಹೊಸೂರಿನ ಕ್ಯಾಂಪಿನ ಡಾಕ್ಟರು. ಇನ್ನೂರು ಹಾಳೆಯ ಪುಸ್ತಕ. ಇನ್ನೂರು ಹಾಳೆ ತುಂಬುವಷ್ಟು ಫಿಟ್ಸ್ ಬಂದರೆ ನಾನು ಉಳಿದಿರುತ್ತೇನಾ? ಗುರುತಿಗೆ ಬೇರೆ ಹಾಳೆ ಇಟ್ಟುಕೊಂಡು, ಇದರಲ್ಲಿ ನನಗೆ ತೋಚಿದ್ದು ಬರೆಯುತ್ತೇನೆ. ಗುಮ್ಮಳಾಪುರದ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸಿಗೆ ಬಿಟ್ಟವನು ನಾನು. ತಪ್ಪಿದ್ದರೆ ಇರಲಿ, ಓದುವವರು ಯಾರು.

ಎರಡು ವರ್ಷದ ಹಿಂದೆ ಹೂವಿನ ಟೆಂಪೋದಿಂದ ಬಿದ್ದು ತಲೆ ಒಡೆಯಿತು. ಆಮೇಲೆ ಶುರುವಾದದ್ದು ಇದು. ಮಾತ್ರೆ ನುಂಗುತ್ತಿದ್ದೇನೆ. ಕೊನೆಯದು ಬಂದದ್ದು ಆಗಸ್ಟಿನಲ್ಲಿ, ನಮ್ಮೂರು ತಳಿಯ ಸಂತೆಯ ನಡುಮಧ್ಯೆ. ಎದ್ದಾಗ ಪಂಚೆ ಒದ್ದೆಯಾಗಿತ್ತು, ಸುತ್ತ ನಲವತ್ತು ಜನ ನಿಂತಿದ್ದರು, ನನ್ನ ಕೈಯಲ್ಲಿ ಯಾರೋ ಎತ್ತಿನ ಲಾಳ ಹಿಡಿಸಿದ್ದರು. ಕಬ್ಬಿಣ ಕೊಟ್ಟ ಮೇಲೇ ನಿಂತಿದ್ದು ಅಂದರು. ಆ ಲಾಳ ಈಗ ನನ್ನ ಹತ್ತಿರವೇ ಇರುತ್ತದೆ. ಡಾಕ್ಟರಿಗೆ ಹೇಳಿಲ್ಲ. ಓದಿದವರು ನಗುತ್ತಾರೆ.

ಇವತ್ತು ಕ್ಯಾಂಪಿನಲ್ಲಿ ಸಿಂಧು ಅಂತ ಒಬ್ಬಳು ಹೊಸ ಹುಡುಗಿ ಇದ್ದಳು. ಕನ್ನಡದವಳೇ, ಅಪ್ಪ ಹೊಸೂರಿನ ಫ್ಯಾಕ್ಟರಿಯಲ್ಲಿದ್ದಾನಂತೆ. ಫಿಟ್ಸ್ ಇರುವ ಪ್ರತಿಯೊಬ್ಬರನ್ನೂ ಏಳು ಪ್ರಶ್ನೆ ಕೇಳಬೇಕಂತೆ.

"ತಾತ, ಹೋದ ಎರಡು ವಾರದಲ್ಲಿ ಎಷ್ಟು ದಿನ ಗಾಬರಿ ಆಯ್ತು? ಒಂದು ದಿನಾನೂ ಇಲ್ವಾ, ಕೆಲವು ದಿನಾನಾ, ಅರ್ಧಕ್ಕಿಂತ ಜಾಸ್ತಿ ದಿನಾನಾ, ದಿನಾಲೂನಾ?"

"ಯಾರಿಗಮ್ಮ ತಾತ? ನನ್ ಮಗಳಿಗೆ ಇನ್ನೂ ಹೆರಿಗೆ ಆಗಿಲ್ಲ."

"ಸರಿ ಯಜಮಾನ್ರೇ. ಗಾಬರಿ?"

"ಇಲ್ಲ."

"ಏನೋ ಕೆಟ್ಟದ್ದು ಆಗ್ಬಿಡುತ್ತೆ ಅಂತ ಭಯ?"

"ಹದಿನಾರು ವರ್ಸಕ್ಕೆ ರಾಗಿ ಹೊಲದಾಗೆ ಒಬ್ನೇ ಆನೆ ಓಡ್ಸಿದೋನು ನಾನು. ಭಯ ಅಂತೆ."

ಏಳಕ್ಕೂ ಇಲ್ಲ ಅಂದೆ. ಸೊನ್ನೆ ಬರೆದುಕೊಂಡಳು. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಇಂದ್ರಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು.

ನವೆಂಬರ್ 9

ಬಸ್ ಸ್ಟಾಪಿನಲ್ಲಿ ಒಂದು ಫಿಟ್ಸ್ ಬರುವುದಕ್ಕಿತ್ತು. ಎದೆ ಡವಗುಟ್ಟಿತು, ಅಂಗೈ ಬೆವರಿತು, ಕಾಲಿನಲ್ಲಿ ನಡುಕ, ಉಸಿರು ಅರ್ಧಕ್ಕೇ ನಿಂತಿತು. ಜೇಬಿನಿಂದ ಲಾಳ ತೆಗೆದು ಬಿಗಿಯಾಗಿ ಹಿಡಿದೆ. ಹತ್ತು ನಿಮಿಷಕ್ಕೆ ಹಿಂದಕ್ಕೆ ಹೋಯಿತು. ಬೀಳಲಿಲ್ಲ.

ಇವನ್ನು ಸಣ್ಣದು ಅಂತ ಕರೆಯುತ್ತೇನೆ. ಬಿದ್ದರೆ ದೊಡ್ಡದು, ಲಾಳ ತಡೆದರೆ ಸಣ್ಣದು. ಹಾಳೆಯಲ್ಲಿ ಗುರುತು ಹಾಕಿದೆ. ಬಸ್ಸು ಹೋಗಿಬಿಟ್ಟಿತ್ತು, ಮನೆಗೆ ವಾಪಸ್ಸು ಬಂದೆ.

ನವೆಂಬರ್ 22

ಮುನಿಶಾಮಪ್ಪನ ನರ್ಸರಿಯಲ್ಲಿ ಗುಲಾಬಿಗೆ ಕಣ್ಣು ಕೂರಿಸುವ ಕಾಲ. ಕಾಡುಗಿಡದ ತೊಗಟೆಯನ್ನು ಚಾಕುವಿನಲ್ಲಿ ಸೀಳಿ, ಒಳ್ಳೆ ಜಾತಿಯ ಕಣ್ಣು ಒಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಬೇಕು. ಈ ಸುತ್ತಮುತ್ತ ನನ್ನ ಕೈ ಮೀರಿಸುವವರಿಲ್ಲ. ದಿನಕ್ಕೆ ಮುನ್ನೂರು ಮಾಡಿದ್ದೇನೆ. ಕೂತು ಮಾಡುವ ಕೆಲಸ, ಬಿದ್ದರೂ ಮಣ್ಣಿನ ಮೇಲೆ.

ಇವತ್ತು ಸಾಲಿನ ನಡುವೆಯೇ ಎರಡು ಸಣ್ಣವು. ಎರಡನ್ನೂ ತಡೆದೆ. ಲಾಳ ತೆಗೆಯುವಷ್ಟರಲ್ಲಿ ಹೊತ್ತಾಗುತ್ತದೆ ಅಂತ ಎಡಗೈಗೆ ಬಟ್ಟೆಯಲ್ಲಿ ಕಟ್ಟಿಕೊಂಡೆ. ಮುನಿಶಾಮಪ್ಪ ನೋಡಿದ.

"ಅದೇನ್ ವೆಂಕಟೇಶಣ್ಣ, ಕೈಗೆ ಲಾಳ ಹೊಡೆಸ್ಕೊಂಡಿದೀಯ?"

"ನಿನ್ ಬಾಯಿಗೆ ಹೊಡೆಯಾಕೆ ಇಟ್ಕೊಂಡಿದೀನಿ. ಹೋಗು."

ನಕ್ಕುಕೊಂಡು ಹೋದ. ಅವನಿಗೇನು. ಅವನು ಸಂತೆಯಲ್ಲಿ ಬಿದ್ದಿಲ್ಲ.

ಡಿಸೆಂಬರ್ 7

ಕ್ಯಾಂಪು. ಇಂದ್ರಮ್ಮ ಜೊತೆಯಲ್ಲಿ ಬಂದಳು. ಈಗೀಗ ಎಲ್ಲಿಗೆ ಹೋದರೂ ಬರುತ್ತಾಳೆ. ಬೇಡ ಅಂದರೆ ಕೇಳುವುದಿಲ್ಲ. ಬೇಡ ಅಂತ ನಾನೂ ಹೇಳಲಿಲ್ಲ.

ಹಾಳೆಯಲ್ಲಿ ಹದಿನೇಳು ಗುರುತು. ಡಾಕ್ಟರು ತಮಿಳರು, ಒಳ್ಳೆಯವರು, ಆದರೆ ನೂರು ಜನ ಕಾಯುತ್ತಿದ್ದರು. ಹದಿನೇಳು ಅಂತ ಎಣಿಸಿ ತಲೆ ಆಡಿಸಿದರು. ಬೆಳಿಗ್ಗೆಗೆ ಇನ್ನೊಂದು ಮಾತ್ರೆ ಸೇರಿಸಿದರು. ಮಾತ್ರೆ ಕೊಡುವಾಗ ಸಿಂಧು ಕೇಳಿದಳು.

"ಈ ಸಣ್ಣದು ಬಂದಾಗ ಎಚ್ಚರ ತಪ್ಪುತ್ತಾ ಯಜಮಾನ್ರೇ?"

"ಇಲ್ಲ. ಎಲ್ಲಾ ನೆಪ್ಪಿರ್ತದೆ. ಎದುರಿಗೆ ಯಾವ ಬಸ್ ಹೋಯ್ತು ಅಂತಾನೂ ಹೇಳ್ತೀನಿ."

"ಮನೇಲಿ ಇದ್ದಾಗ ಬರುತ್ತಾ?"

"ಕಡಿಮೆ. ಆಚೆ ಹೋದಾಗ್ಲೇ. ಅದೂ ಜನ ಇದ್ರೆ."

ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಮತ್ತೆ ಆ ಏಳು ಪ್ರಶ್ನೆ ತೆಗೆದಳು. ಹೋದ ಸಲ ಹೇಳಿದ್ದೇ ಬರ್ಕೋ, ನನಗೆ ಬಸ್ಸಿಗೆ ಹೊತ್ತಾಯಿತು ಅಂದೆ.

ಡಿಸೆಂಬರ್ 15

ಮಗಳು ಭಾನು ರಾಯಕೋಟೆಯಲ್ಲಿದ್ದಾಳೆ. ಅಳಿಯ ಗೋಪಿನಾಥ್ ಒಳ್ಳೆಯವನೇ. ಚೊಚ್ಚಲು. ಸಂಕ್ರಾಂತಿ ಕಳೆದರೆ ಏಳನೇ ತಿಂಗಳು ಬೀಳುತ್ತದೆ. ಏಳರಲ್ಲಿ ಕರೆದುಕೊಂಡು ಬರಬೇಕು, ಎಂಟರಲ್ಲಿ ಕರೆಯುವ ಹಾಗಿಲ್ಲ. ಚೊಚ್ಚಲು ತವರಿನಲ್ಲೇ ಆಗಬೇಕು.

ಇಂದ್ರಮ್ಮ ಈಗಲೇ ಹಳೆ ಸೀರೆ ಒಗೆದು ಮಡಿಸುತ್ತಿದ್ದಾಳೆ. ನಾನು ಹೇಳಿಬಿಟ್ಟೆ, ಅಲ್ಲೇ ಇರಲಿ ಅಂತ. ರಾಯಕೋಟೆಯಲ್ಲಿ ಆಸ್ಪತ್ರೆ ಹತ್ತಿರ, ಇಲ್ಲಿ ಚಳಿ, ರಸ್ತೆ ಗುಂಡಿ.

"ನಮ್ಮವ್ವ ನನ್ನ ಕರ್ಕಂಡ್ ಬರುವಾಗ ರಸ್ತೇನೇ ಇರ್ಲಿಲ್ಲ," ಅಂದಳು.

"ಅದಕ್ಕೇ ಹೇಳ್ತಿರಾದು."

"ಅವಳ ಅತ್ತೆ ಮನೇಲಿ ಏನಂದ್ಕೊಂತಾರೆ? ತವರಿಗೆ ಬ್ಯಾಡವಾದ್ಲು ಅಂತಾರೆ."

ತಟ್ಟೆ ನೂಕಿ ಎದ್ದುಬಂದೆ.

ಇಲ್ಲಿ ಬರೆಯಬಹುದು. ಬಸುರಿಯ ಕಣ್ಣೆದುರು ಫಿಟ್ಸ್ ಬರಬಾರದು ಅನ್ನುತ್ತಾರೆ. ಅದು ಇರಲಿ. ಕೂಸು ಬಂದ ಮೇಲೆ ಅದನ್ನು ನನ್ನ ಮಡಿಲಿಗೆ ಹಾಕುತ್ತಾರೆ. ಆಗ ದೊಡ್ಡದು ಬಂದರೆ? ಲಾಳ ಹಿಡಿಯುವುದಾ, ಕೂಸು ಹಿಡಿಯುವುದಾ? ನಡುಮನೆಯ ನೆಲ ಚಪ್ಪಡಿಕಲ್ಲು.

ಡಿಸೆಂಬರ್ 26

ಗುಲಾಬಿಯ ಕಣ್ಣು ಹಿಡಿದಿಲ್ಲ. ನಾನು ಕೂರಿಸಿದ ಇನ್ನೂರರಲ್ಲಿ ನೂರಿಪ್ಪತ್ತು ಒಣಗಿ ಕಪ್ಪಾಗಿವೆ. ಐವತ್ತು ವರ್ಷದಲ್ಲಿ ಹೀಗಾಗಿರಲಿಲ್ಲ. ಹೊಸ ಮಾತ್ರೆ ನುಂಗಿದರೆ ಹತ್ತು ಗಂಟೆಗೇ ಕಣ್ಣು ಎಳೆಯುತ್ತದೆ, ಎಡಗೈಯಲ್ಲಿ ಲಾಳ ಇದ್ದರೆ ಪಟ್ಟಿ ಬಿಗಿಯಾಗುವುದಿಲ್ಲ.

ಮುನಿಶಾಮಪ್ಪ ಬೈಯಲಿಲ್ಲ. "ಒಂದು ತಿಂಗಳು ಮನೇಲಿ ರೆಸ್ಟ್ ತಗೋ ಅಣ್ಣ," ಅಂದ. ಬೈದಿದ್ದರೆ ನಾನೂ ಬೈಯಬಹುದಿತ್ತು.

ಜನವರಿ 4, 2009

ಕ್ಯಾಂಪಿಗೆ ನಾನು ಹೋಗಲಿಲ್ಲ. ಕಾಲು ನೋವು ಅಂದೆ. ಬಾಗಿಲ ತನಕ ಹೋಗಿದ್ದೆ, ಚಪ್ಪಲಿಯನ್ನೂ ಹಾಕಿಕೊಂಡಿದ್ದೆ. ಇಂದ್ರಮ್ಮನೇ ಗುರುತಿನ ಹಾಳೆ ತೆಗೆದುಕೊಂಡು ಹೋದಳು. ಅವಳು ಬರುವ ತನಕ ಜಗಲಿ ಮೇಲೆ ಕೂತಿದ್ದೆ, ಮನೆಯ ಒಳಗೆ ಹೋಗಲಿಲ್ಲ. ಒಳಗೆ ಬಿದ್ದರೆ ಯಾರಿಗೂ ಕಾಣುವುದಿಲ್ಲ. ಹೊರಗೆ ಬಿದ್ದರೆ ಎಲ್ಲರಿಗೂ ಕಾಣುತ್ತದೆ. ಹೊಸ್ತಿಲಿಗೆ ಅಂಟಿಕೊಂಡು ಆರು ಸಣ್ಣವನ್ನು ತಡೆದೆ.

ಮಾತ್ರೆಯ ಜೊತೆ ಒಂದು ಹಾಳೆ ಬಂದಿದೆ. ಸಿಂಧು ಆ ಏಳು ಪ್ರಶ್ನೆಯನ್ನು ದುಂಡಾಗಿ ಕನ್ನಡದಲ್ಲಿ ಬರೆದು ಕಳಿಸಿದ್ದಾಳೆ. ಕೆಳಗೆ ಬರೆದಿದ್ದಾಳೆ: "ಯಾರೂ ಪಕ್ಕದಲ್ಲಿ ಇಲ್ಲದಾಗ ನೀವೇ ತುಂಬಿ. ಇದರಲ್ಲಿ ಪಾಸು ಫೇಲು ಇಲ್ಲ."

ಅದನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ. ಒಲೆಗೆ ಹಾಕಬೇಕಿತ್ತು.

ಜನವರಿ 8

ಬೆಳಗಿನ ಮಾತ್ರೆ ಬಿಟ್ಟಿದ್ದೇನೆ, ಹೊಸದು ಹಳೆಯದು ಎರಡೂ. ಇಂದ್ರಮ್ಮನಿಗೆ ಗೊತ್ತಿಲ್ಲ. ತೂಕಡಿಸುವವನಿಗೆ ಕೆಲಸ ಯಾರು ಕೊಡುತ್ತಾರೆ. ತಡೆಯುತ್ತಿರುವುದು ಲಾಳ, ಮಾತ್ರೆಯಲ್ಲ.

ಜನವರಿ 15

ಸಂಕ್ರಾಂತಿ ಮುಗಿಯಿತು. ಗೋಪಿನಾಥ್ ಫೋನು ಮಾಡಿದ್ದ. ಪಕ್ಕದ ಮನೆಯ ಭದ್ರಮ್ಮನ ಮೊಬೈಲಿಗೆ ಬಂತು.

"ಮಾವ, ಯಾವತ್ತು ಬತ್ತೀರಾ? ಭಾನು ದಿನಾ ಕೇಳ್ತಾಳೆ."

"ನೋಡಾಣ ಬಿಡಪ್ಪ. ನಂಗೆ ಇಲ್ಲಿ ಕೆಲ್ಸ ಐತೆ."

ಸರಿ ಮಾವ ಅಂತ ಫೋನು ಇಟ್ಟ. ನನಗೆ ಕೆಲಸ ಇಲ್ಲ ಅಂತ ಅವನಿಗೆ ಗೊತ್ತು.

ಜನವರಿ 19

ನಿನ್ನೆ ದೊಡ್ಡದು ಬಂತು.

ಲಾಳ ಕೈಯಲ್ಲೇ ಇತ್ತು.

ಜನವರಿ 21

ಈಗ ಬರೆಯಬಹುದು. ನಾಲಿಗೆ ಕಚ್ಚಿಕೊಂಡಿದ್ದೇನೆ, ಗಂಜಿ ಬಿಟ್ಟು ಏನೂ ಇಳಿಯುವುದಿಲ್ಲ.

ಅವತ್ತು ಬೆಳಿಗ್ಗೆ ಒಂಬತ್ತಕ್ಕೆ ಹಿತ್ತಲಿನಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದೆ. ಅಷ್ಟೇ ನೆನಪು. ಆಮೇಲೆ ಇಂದ್ರಮ್ಮನ ಮುಖ, ಆಕಾಶ, ಬಾಯಲ್ಲಿ ರಕ್ತದ ರುಚಿ. ನಡುವೆ ಏನೂ ಇಲ್ಲ. ಎದೆ ಹೊಡೆಯಲಿಲ್ಲ, ಬೆವರಲಿಲ್ಲ, ಬರುತ್ತೇನೆ ಅಂತ ಹೇಳಲೇ ಇಲ್ಲ. ನಾಲ್ಕು ನಿಮಿಷವಂತೆ. ಬಟ್ಟೆಯಲ್ಲಿ ಕಟ್ಟಿದ್ದ ಲಾಳವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅಂಗೈ ಸೀಳಿತ್ತು. ಅದನ್ನು ಬಿಡಿಸುವುದಕ್ಕೆ ಭದ್ರಮ್ಮನೂ ಬರಬೇಕಾಯಿತಂತೆ.

ಎರಡು ದಿನದಿಂದ ಒಂದೇ ಯೋಚನೆ. ಕಬ್ಬಿಣ ಕೈಯಲ್ಲಿದ್ದೂ ದೊಡ್ಡದು ನಿಲ್ಲಲಿಲ್ಲ. ಹಾಗಾದರೆ ನಾನು ಈ ಮೂರು ತಿಂಗಳು ತಡೆದದ್ದು ಏನನ್ನು? ದೊಡ್ಡದರಲ್ಲಿ ಒಂದು ಚೂರೂ ನೆನಪಿಲ್ಲ. ಸಣ್ಣದರಲ್ಲಿ ಪ್ರತಿಯೊಂದೂ ನೆನಪಿದೆ, ಬಸ್ಸಿನ ನಂಬರು ಕೂಡ. ಒಂದೇ ಗಿಡದ ಹಣ್ಣಲ್ಲ ಇವು.

ಲಾಳ ಇತ್ತು ಅನ್ನುವ ಧೈರ್ಯದಲ್ಲಿ ಇಷ್ಟು ದಿನ ಜಗಲಿಗಾದರೂ ಬರುತ್ತಿದ್ದೆ. ಈಗ ಅದೂ ಇಲ್ಲ. ಮಂಚದ ಕಾಲು ಹಿಡಿದುಕೊಂಡು ಕೂತಿದ್ದೇನೆ. ಇಂದ್ರಮ್ಮ ಹಿತ್ತಲಿಗೆ ಹೋದರೂ ಕೂಗುತ್ತೇನೆ. ಏನು ಅಂದರೆ ನೀರು ಕೊಡು ಅನ್ನುತ್ತೇನೆ. ಇವತ್ತು ಒಂಬತ್ತು ಲೋಟ ನೀರು ಕುಡಿದಿದ್ದೇನೆ.

ಮಾತ್ರೆ ಬಿಟ್ಟದ್ದು ಸಿಕ್ಕಿಬಿತ್ತು. ತಲೆದಿಂಬಿನ ಕೆಳಗಿಂದ ಎಲ್ಲ ಉದುರಿದವು. ಇಂದ್ರಮ್ಮ ಅಳಲಿಲ್ಲ, ಬೈಯಲಿಲ್ಲ. ಆರಿಸಿ ಡಬ್ಬಿಗೆ ಹಾಕಿದಳು. "ನನ್ನ ಮುಂಡೆ ಮಾಡಾದೇ ಆದ್ರೆ ಒಂದೇ ಸಲ ಮಾಡಿ. ಹಿಂಗೆ ದಿನಾ ಮಾಡ್ಬ್ಯಾಡಿ," ಅಂದಳು. ಆ ಕ್ಷಣವೇ ಒಂದು ಮಾತ್ರೆ ನುಂಗಿದೆ.

ಜನವರಿ 27

ಕ್ಯಾಲೆಂಡರಿನ ಹಿಂದಿನ ಹಾಳೆ ತೆಗೆದೆ. ಇಂದ್ರಮ್ಮ ಹಾಲು ಹಾಕುವುದಕ್ಕೆ ಡೈರಿಗೆ ಹೋಗಿದ್ದಳು.

ಗಾಬರಿ, ಎದೆ ತಳಮಳ: ದಿನಾಲೂ.

ಯೋಚನೆ ನಿಲ್ಲಿಸುವುದಕ್ಕೆ ಆಗದೆ ಇರುವುದು: ದಿನಾಲೂ.

ಬೇಡದ್ದಕ್ಕೆಲ್ಲ ಚಿಂತೆ: ದಿನಾಲೂ. ಕೂಸು ಇನ್ನೂ ಹುಟ್ಟಿಲ್ಲ, ನಾನು ಅದನ್ನು ಇಪ್ಪತ್ತು ಸಲ ಬೀಳಿಸಿದ್ದೇನೆ.

ಮೈಕೈ ಸಡಿಲ ಬಿಡಲಾಗದೆ ಇರುವುದು: ಅರ್ಧಕ್ಕಿಂತ ಜಾಸ್ತಿ.

ಕೂತಲ್ಲಿ ಕೂರಲಾಗದೆ ಇರುವುದು: ಕೆಲವು ದಿನ. ಈಗ ಏಳುವುದಕ್ಕೇ ಆಗುವುದಿಲ್ಲವಲ್ಲ.

ಸಣ್ಣದಕ್ಕೆಲ್ಲ ರೇಗುವುದು: ದಿನಾಲೂ. ಆದರೆ ಇದು ಹುಟ್ಟುಗುಣ, ಇದನ್ನು ಲೆಕ್ಕಕ್ಕೆ ತಗೋಬೇಡ ಅಂತ ಪಕ್ಕದಲ್ಲಿ ಬರೆದೆ.

ಕೊನೆಯದು, ಏನೋ ಕೆಟ್ಟದ್ದು ಆಗಿಬಿಡುತ್ತದೆ ಅನ್ನುವ ಭಯ. ಅದರ ಮುಂದೆ ತುಂಬ ಹೊತ್ತು ಕೂತೆ. ಇಂದ್ರಮ್ಮ ಬರುವ ಸದ್ದು ಕೇಳಿಸಿತು. ದಿನಾಲೂ ಅಂತ ಬರೆದು ಮಡಿಸಿದೆ.

ಫೆಬ್ರವರಿ 1

ಜೀಪಿನಲ್ಲಿ ಹೋದೆವು. ದಾರಿಯುದ್ದಕ್ಕೂ ಇಂದ್ರಮ್ಮನ ಸೆರಗು ಹಿಡಿದಿದ್ದೆ. ಎದುರಿಗೆ ಕೂತಿದ್ದ ಕೋಸಿನ ವ್ಯಾಪಾರದವನು ನೋಡಿ ನಕ್ಕ. ನಗಲಿ.

ಸಿಂಧು ಹಾಳೆ ಕೂಡಿಸಿದಳು. ಇಪ್ಪತ್ತೊಂದಕ್ಕೆ ಹದಿನೆಂಟು. ಸ್ಕೂಲಿನಲ್ಲಿ ಯಾವತ್ತೂ ನನಗೆ ಇಷ್ಟು ಬಂದಿರಲಿಲ್ಲ. ರೇಗುವುದನ್ನೂ ಲೆಕ್ಕಕ್ಕೆ ತಗೊಂಡಿದ್ದಾಳೆ. ಡಾಕ್ಟರ ಹತ್ತಿರ ತಾನೇ ಕರೆದುಕೊಂಡು ಹೋಗಿ ಅರ್ಧ ಗಂಟೆ ಕೂರಿಸಿದಳು. ಲಾಳದ ಕತೆ, ಮಾತ್ರೆಯ ಕತೆ ಎಲ್ಲ ಹೇಳಿದೆ. ಡಾಕ್ಟರು ನಗಲಿಲ್ಲ. ಅವರು ತಮಿಳಿನಲ್ಲಿ ಹೇಳಿದ್ದನ್ನು ಸಿಂಧು ಬಿಡಿಸಿ ಹೇಳಿದಳು.

"ನಿಮಗೆ ಎರಡು ಕಾಯಿಲೆ ಯಜಮಾನ್ರೇ. ದೊಡ್ಡದು ಫಿಟ್ಸ್. ಸಣ್ಣದು ಅಂತ ಬರೀತಿದ್ರಲ್ಲ, ಅದು ಫಿಟ್ಸ್ ಇದ್ದ ಹಾಗೆ ಕಾಣ್ತಿಲ್ಲ. ಅದು ಭಯ."

"ಭಯ ಅನ್ನಾದು ಕಾಯಿಲೆನಾ?"

"ಇಷ್ಟು ಆದ್ರೆ ಕಾಯಿಲೆ. ಫಿಟ್ಸ್ ಇರೋ ತುಂಬ ಜನಕ್ಕೆ ಇದೂ ಇರುತ್ತೆ, ಯಾರೂ ಹೇಳಲ್ಲ. ಅದಕ್ಕೇ ಎಲ್ಲರನ್ನೂ ಕೇಳೋದು."

"ಹಂಗಾದ್ರೆ ಡಿಸೆಂಬರ್‌ನಾಗೆ ಕೊಟ್ಟ ಮಾತ್ರೆ?"

ಡಾಕ್ಟರಿಗೆ ಅಷ್ಟು ಕನ್ನಡ ಅರ್ಥವಾಯಿತು. "ಅದು ಬೇಡ," ಅಂದರು. "ನಾನೂ ಕೇಳಬೇಕಿತ್ತು, ನೀವೂ ಹೇಳಬೇಕಿತ್ತು."

ಹಳೆ ಮಾತ್ರೆ ಹಳೆ ಲೆಕ್ಕಕ್ಕೆ ಬಂತು. ಒಂದು ದಿನವೂ ಬಿಡಬಾರದು. ಭಯಕ್ಕೆ ಬೇರೆ ಸಣ್ಣ ಮಾತ್ರೆ. ವಾರಕ್ಕೊಂದು ಸಲ ಸಿಂಧು ಹತ್ತಿರ ಬಂದು ಮಾತಾಡಬೇಕಂತೆ. ಮಾತಾಡಿದರೆ ಹೋಗುವ ಕಾಯಿಲೆ ಅಂತ ನಾನು ನಂಬುವುದಿಲ್ಲ. ಹೇಳಿಯೂ ಬಂದೆ. "ನಂಬ್ಬೇಡಿ, ಬನ್ನಿ ಸಾಕು," ಅಂದಳು.

ಹೊರಡುವಾಗ ಒಂದು ಕೇಳಿದೆ. ಇಂದ್ರಮ್ಮ ಆಚೆ ಇದ್ದಳು. ಮಗಳ ಕೂಸನ್ನು ನಾನು ಎತ್ತಿಕೊಳ್ಳಬಹುದಾ ಅಂತ.

"ನೆಲದ ಮೇಲೆ ಚಾಪೆ ಹಾಕಿ ಕೂತ್ಕೊಂಡು ಎತ್ಕೊಳ್ಳಿ. ಪಕ್ಕದಲ್ಲಿ ಒಬ್ರು ಇರಲಿ," ಅಂದಳು.

ಇಷ್ಟೇನಾ ಅಂದೆ. ಇಷ್ಟೇ ಅಂದಳು. ಮೂರು ತಿಂಗಳಿಂದ ನನಗೆ ಚಾಪೆ ಹೊಳೆದಿರಲಿಲ್ಲ.

ಫೆಬ್ರವರಿ 8

ಏಳನೇ ತಿಂಗಳು ಮುಗಿಯುವುದಕ್ಕೆ ಇನ್ನು ಕೆಲವೇ ದಿನ ಉಳಿದಿತ್ತು. ಇವತ್ತು ಹೋಗಿ ಭಾನುವನ್ನು ಕರೆದುಕೊಂಡು ಬಂದೆವು. ಎಲ್ಲ ಬರೆಯುತ್ತೇನೆ.

ಹೋಗುವಾಗ ಕೆಲಮಂಗಲದಲ್ಲಿ ಇಳಿದು ಮನೆಗೆ ವಾಪಸ್ಸು ಹೋಗಿಬಿಡುತ್ತೇನೆ ಅಂದೆ. ಇಂದ್ರಮ್ಮ ಮಡಿಲಲ್ಲಿದ್ದ ಬಳೆಯ ಡಬ್ಬ ನನ್ನ ಮಡಿಲಿಗೆ ಇಟ್ಟಳು. ಒಡೆಯುತ್ತವೆ ಅಂತ ಹಿಡಿದುಕೊಂಡು ಕೂರಬೇಕಾಯಿತು. ಹಾಗೆ ರಾಯಕೋಟೆ ಬಂತು.

ಶಾಸ್ತ್ರ ಮುಗಿಯಿತು. ಗೋಪಿನಾಥ್‌ಗೆ ಶಿಫ್ಟು, ಬಸ್ ಸ್ಟ್ಯಾಂಡಿಗೆ ಬಿಟ್ಟು ಹೋದ. ಇಂದ್ರಮ್ಮ ಹೂವು ತರುವುದಕ್ಕೆ ಹೋದಳು. ಭಾನು, ನಾನು ಕಲ್ಲಿನ ಮೇಲೆ ಕೂತೆವು. ಕೋಟೆ ಬೆಟ್ಟದ ಕಡೆಯಿಂದ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ಜನ ಸೇರಿದರು. ಬಸ್ಸು ಬಂತು. ನನಗೆ ಏಳುವುದಕ್ಕೆ ಆಗಲಿಲ್ಲ. ಬಸ್ಸು ಹೋಯಿತು.

"ಯಾಕಪ್ಪ, ಬತ್ತಾ ಐತಾ?" ಅಂದಳು ಭಾನು. ಅವಳ ಮುಖ ಬಿಳುಚಿತ್ತು.

"ಫಿಟ್ಸ್ ಅಲ್ಲ. ಭಯ."

ಅವಳು ನನ್ನನ್ನೇ ನೋಡಿದಳು.

"ನಿಂಗಾ?"

"ಹೂಂ. ನಂಗೇ. ದಿನಾ. ಅದಕ್ಕೇ ನಿನ್ನ ಬ್ಯಾಡ ಅಂದಿದ್ದು. ಕೂಸು ಬೀಳಿಸ್ಬುಡ್ತೀನಿ ಅಂತ. ರಸ್ತೆ ಗುಂಡಿ, ಚಳಿ, ಅದೆಲ್ಲ ಸುಳ್ಳು."

ಬಳೆಗಳನ್ನು ಒಂದೊಂದಾಗಿ ಹಿಂದಕ್ಕೆ ಮುಂದಕ್ಕೆ ಸರಿಸುತ್ತಾ ಅಂದಳು, "ನಂಗೂ ನಿದ್ದೆ ಇಲ್ಲ ಅಪ್ಪ. ನಮ್ಮತ್ತೆ ಅಂತಾರೆ, ತಾತನ ಕಾಯಿಲೆ ಮೊಮ್ಮಗೂಗೆ ಹಾಯ್ತದೆ ಅಂತ. ನೀನು ಬ್ಯಾಡ ಅಂದಾಗ, ಅದಕ್ಕೇ ಅಂದಿರ್ಬೇಕು ಅಂದ್ಕಂಡೆ. ಕೂಸಿಗೂ ಇರ್ತದೆ ಅಂತ ನಿಂಗೂ ಗೊತ್ತು, ನೋಡಾಕೆ ಆಗಲ್ಲ ಅಂತ ಬ್ಯಾಡ ಅಂತೀಯ ಅಂತ."

ನಾನು ಮನೆಯಲ್ಲಿ ಮಂಚದ ಕಾಲು ಹಿಡಿದುಕೊಂಡಿದ್ದಾಗ ಇವಳು ಇಲ್ಲಿ ಒಬ್ಬಳೇ ಇದನ್ನು ಹೊತ್ತುಕೊಂಡಿದ್ದಳು.

"ಟೆಂಪೋದಿಂದ ಬಿದ್ದೋನು ನಾನು ಕಣಮ್ಮ," ಅಂದೆ. "ತಲೆ ಒಡೆದಿದ್ದು ನಂದು. ಕೂಸು ಯಾವ ಟೆಂಪೋ ಹತ್ತಿತ್ತು? ಏಟಿನಿಂದ ಬಂದಿದ್ದು ರಕ್ತದಾಗೆ ಹೋಗಲ್ಲ. ಮೊದಲ ಸಲ ತೋರ್ಸಿದಾಗ್ಲೇ ಡಾಕ್ಟ್ರು ಹೇಳಿದ್ರು. ನಿಮ್ಮತ್ತೆ ಎಲ್ಲಿ ಓದಿದ್ದು ಡಾಕ್ಟ್ರಿಕೆ?"

ನಕ್ಕಳು. ನಗುತ್ತಾ ಅತ್ತಳು. ಎರಡನೇ ಬಸ್ಸು ಹೋದದ್ದನ್ನು ಇಬ್ಬರೂ ನೋಡಲಿಲ್ಲ.

ಬಿದ್ದರೆ ಏನು ಮಾಡಬೇಕು ಅಂತ ಅವಳಿಗೆ ಹೇಳಿಕೊಟ್ಟೆ. ಒಂದು ಮಗ್ಗುಲಿಗೆ ಹೊರಳಿಸು, ಗಟ್ಟಿ ಹಿಡಿಯಬೇಡ, ಬಾಯಿಗೆ ಏನೂ ಹಾಕಬೇಡ, ಐದು ನಿಮಿಷ ದಾಟಿದರೆ ಜೀಪು ಕರಿ.

"ನಂಗೆ ನೋವು ಬಂದ್ರೆ ನೀನು ಜೀಪ್ ಕರಿ," ಅಂದಳು. "ಇಬ್ರಿಗೂ ಒಟ್ಟಿಗೇ ಬಂದ್ರೆ?"

"ಒಂದೇ ಜೀಪು ಸಾಕು. ನಿಮ್ಮಮ್ಮ ಮುಂದ್ಗಡೆ ಕೂತ್ಕಂಡು ಇಬ್ರಿಗೂ ಬೈತಾಳೆ."

ಇಂದ್ರಮ್ಮ ಹೂವು ಹಿಡಿದುಕೊಂಡು ಬಂದಳು. ಇಬ್ಬರ ಮುಖವನ್ನೂ ನೋಡಿದಳು, ಭಾನುವಿನ ತಲೆಗೆ ಹೂವು ಮುಡಿಸಿದಳು.

ಮೂರನೇ ಬಸ್ಸಿಗೆ ಹತ್ತಿದೆವು. ಜನ ಕಿಕ್ಕಿರಿದಿದ್ದರು. ಭಾನುವನ್ನು ಕಿಟಕಿಯ ಪಕ್ಕ ಕೂರಿಸಿ ನಾನು ಈ ಕಡೆ ಕೂತೆ, ಯಾರೂ ಅವಳ ಮೇಲೆ ಒರಗದ ಹಾಗೆ. ಎದೆ ಕೆಲಮಂಗಲದ ತನಕ ಹೊಡೆದುಕೊಂಡಿತು. ಇಳಿದು ಬೇರೆ ಬಸ್ಸು ಹತ್ತಿದ ಮೇಲೂ ಹೊಡೆದುಕೊಂಡಿತು. ತಳಿಯಲ್ಲಿ ಇಳಿದಾಗ ಅವಳ ಚೀಲ, ಬುತ್ತಿಯ ಬುಟ್ಟಿ, ಎರಡು ಕೈಯಲ್ಲೂ ಸಾಮಾನು ಇತ್ತು, ಲಾಳ ಹಿಡಿಯುವುದಕ್ಕೂ ಸೆರಗು ಹಿಡಿಯುವುದಕ್ಕೂ ಕೈ ಖಾಲಿ ಇರಲಿಲ್ಲ. ಮನೆಯ ತನಕ ನಾನೇ ಹೊತ್ತೆ.